ಗುಡ್ಡದ ದಾರಿಗೆ ಕಟ್ಟಿದ ಕೆಂಪು ನೂಲು

ನಮ್ಮ ಮನೆಯಲ್ಲಿ ನೂಲಿನ ತುಂಡನ್ನು ಎಸೆಯುವುದಿಲ್ಲ. ಬೆಟಗೇರಿಯಲ್ಲಿ ಮಗ್ಗ ಇರುವ ಯಾವ ಮನೆಯಲ್ಲೂ ಎಸೆಯುವುದಿಲ್ಲ. ಗೇಣುದ್ದದ ತುಂಡು ಕರಿಬೇವಿನ ಕಟ್ಟು ಬಿಗಿಯಲು ಬರುತ್ತದೆ, ಮೊಳದುದ್ದದ್ದು ಹಿಟ್ಟಿನ ಚೀಲದ ಬಾಯಿಗೆ ಬರುತ್ತದೆ, ಯಾವುದಕ್ಕೂ ಬಾರದ್ದು ತಲೆದಿಂಬಿನ ಹೊಟ್ಟೆ ಸೇರುತ್ತದೆ. ನನ್ನ ಗಂಡ ಕುಣಿಮಗ್ಗದಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಸೀರೆ ನೇಯುತ್ತಾರೆ. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತಿಕೊಡುವುದು ನನ್ನ ಕೆಲಸ. ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ರಾಟೆಯ ಮುಂದೆ ಕೂರಿಸಿದರು. ಇವತ್ತಿಗೂ ಅದರ ಮುಂದೆಯೇ ಇದ್ದೇನೆ.

ಹಾಸು ಹೂಡುವಾಗ, ಎಂದರೆ ಉದ್ದದ ಎಳೆಗಳನ್ನು ಮಗ್ಗಕ್ಕೆ ಏರಿಸುವಾಗ, ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ಕಡೆ ಅಂಚಿಗೆ ಒಂದು ಕೆಂಪು ನೂಲು ಕಟ್ಟುತ್ತೇವೆ. ನೇಯುತ್ತ ನೇಯುತ್ತ ಆ ಕೆಂಪು ಕಣ್ಣಿಗೆ ಬಿತ್ತೆಂದರೆ ಸೆರಗು ಬಂತು ಎಂದು ಅರ್ಥ. ಎಲ್ಲಿ ಗುರುತು ಬೇಕೋ ಅಲ್ಲಿ ನೂಲು ಕಟ್ಟಬೇಕು, ಇದಕ್ಕಿಂತ ದೊಡ್ಡ ಉಪಾಯ ನಮ್ಮಂಥವರ ತಲೆಗೆ ಹೊಳೆಯುವುದಿಲ್ಲ. ಕಪ್ಪತಗುಡ್ಡದ ಮೇಲೆ ನಾನು ಮಾಡಿದ ತಪ್ಪು ಈ ಉಪಾಯದಿಂದಲೇ ಆದದ್ದು.

ಗುಡ್ಡದ ಮಾತು ತೆಗೆದವಳು ಭಾಬಿ. ನಮ್ಮ ಓಣಿಯಲ್ಲಿ ಎರಡು ಮನೆ ಆಚೆ ನೂಲಿಗೆ ಬಣ್ಣ ಹಾಕುವವರು ಇದ್ದಾರೆ, ಅವರ ಮನೆಯಾಕೆ. ಅವಳ ಉಗುರಿನ ಬುಡದಲ್ಲಿ ಸದಾ ಯಾವುದಾದರೂ ಬಣ್ಣ ಇರುತ್ತದೆ. ಈ ವಾರ ಯಾವ ಸೀರೆಗೆ ಬೇಡಿಕೆ ಬಂದಿದೆ ಎಂದು ಅವಳ ಬೆರಳು ನೋಡಿಯೇ ಹೇಳಬಹುದು. ನಮಗಿಬ್ಬರಿಗೂ ಒಂದೇ ವರ್ಷ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಡಾಕ್ಟರು ನಡೆಯಲು ಹೇಳಿದರು. ಅಂದಿನಿಂದ ದಿನಾ ಬೆಳಿಗ್ಗೆ ನೀರು ತುಂಬಿಟ್ಟು, ಕೆರೆಯ ಸುತ್ತ ಜೋಡಿಯಾಗಿ ನಡೆಯುತ್ತೇವೆ. ಎರಡು ವರ್ಷವಾದ ಮೇಲೆ ಒಂದು ದಿನ ಭಾಬಿ ಕೆರೆಯ ಏರಿಯ ಮೇಲೆ ನಿಂತುಬಿಟ್ಟಳು.

"ಅಕ್ಕಾ, ಈ ಕೆರಿ ಸುತ್ತಿ ಸುತ್ತಿ ನಾ ಗಾಣದೆತ್ತ ಆಗೇನಿ. ಎಲ್ಲೆರ ಮ್ಯಾಲೆ ಹೋಗೂಣ ನಡೀರಿ."

"ಮ್ಯಾಲೆ ಅಂದ್ರ?"

"ಗುಡ್ಡಕ್ಕರಿ! ನೀವ ಬ್ಯಾರೆ ಮ್ಯಾಲೆ ತಿಳ್ಕೋಬ್ಯಾಡ್ರಿ. ಅಲ್ಲಿಗೆ ಇನ್ನೂ ಟೈಮ್ ಐತಿ."

ಅವಳ ತವರಿನ ಕಡೆಯಿಂದ ಕಪ್ಪತಗುಡ್ಡ ದಿನಾ ಕಾಣುತ್ತಿತ್ತಂತೆ. ನೋಡಿದ್ದೇ ಬಂತು, ಹತ್ತಿದ್ದಿಲ್ಲ. ಗಾಡಿ ಏರುವ ದಾರಿ ಬೇರೆ ಇದೆ, ಮೇಲಿನ ದೇವರಿಗೆ ಜನ ಅದರಲ್ಲಿ ಹೋಗಿಬರುತ್ತಾರೆ. ಭಾಬಿಗೆ ಅದು ಬೇಡ. ಕಾಲಿನಿಂದಲೇ ಏರಬೇಕು, ಅದೂ ಕಡಿದಾದ ದಾರಿಯಲ್ಲಿ. "ದೇವರು ನಿಮ್ಮದು, ಗಾಳಿ ನನ್ನದು, ಇಬ್ಬರಿಗೂ ಸಮಾ ಆತು" ಎಂದಳು.

ನನ್ನ ಗಂಡ ಕೇಳಿ ನಕ್ಕರು. ನಕ್ಕವರು ತಾವೂ ಬರುತ್ತೇನೆಂದರು. "ದಿನಾ ಹತ್ತ ತಾಸ ಮಗ್ಗಾ ಮೆಟ್ಟೋ ಕಾಲು ಇವು. ಗುಡ್ಡ ಏನ ಲೆಕ್ಕ?"

"ಕುಂತ ಮೆಟ್ಟೂದು ಬ್ಯಾರೆ, ನಿಂತ ಹತ್ತೂದು ಬ್ಯಾರೆ, ಭಾಯಿಸಾಬ್" ಅಂದಳು ಭಾಬಿ. ಮಾತು ಕಡೆಗೂ ಅವಳದೇ ಖರೆಯಾಯಿತು.

ಶ್ರಾವಣ ಮುಗಿದ ಮೇಲಿನ ವಾರ ಹೊರಟೆವು. ಮಳೆಗಾಲದಲ್ಲಿ ಆ ಗುಡ್ಡಕ್ಕೆ ಒಮ್ಮೆಲೇ ಮಂಜು ಇಳಿಯುತ್ತದೆ, ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ, ದಾರಿ ತಪ್ಪಿದರೆ ಆಚೆ ಕೊಳ್ಳಕ್ಕೆ ಇಳಿದುಬಿಡುತ್ತೀರಿ ಎಂದು ಓಣಿಯಲ್ಲಿ ಒಬ್ಬಿಬ್ಬರು ಹೆದರಿಸಿದ್ದರು. ಹಿಂದಿನ ದಿನ ನಾನು ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕಟ್ಟಿದೆ, ಭಾಬಿಗೆ ತಲೆ ತಿರುಗಿದರೆ ಇರಲಿ ಎಂದು ಬೆಲ್ಲದ ನಾಲ್ಕು ಉಂಡೆ ಇಟ್ಟುಕೊಂಡೆ, ಮೂರು ಸ್ಟೀಲ್ ಬಾಟಲಿ ತೊಳೆದಿಟ್ಟೆ. ಎಲ್ಲ ಆದ ಮೇಲೆ ಕೆಂಪು ಪಾಲಿಸ್ಟರ್ ನೂಲನ್ನು ಎರಡು ಪದರ ಮಾಡಿ, ಮೊಳ ಮೊಳ ಅಳತೆಗೆ ನಲವತ್ತು ತುಂಡು ಕತ್ತರಿಸಿದೆ. ದಾರಿ ಕವಲೊಡೆಯುವ ಕಡೆಯೆಲ್ಲ ಗಿಡಕ್ಕೆ ಕಟ್ಟುತ್ತ ಹೋದರೆ ಇಳಿಯುವಾಗ ಹೆದರಿಕೆಯಿಲ್ಲ. ಹಸಿರಿನಲ್ಲಿ ಕೆಂಪೇ ದೂರಕ್ಕೆ ಕಾಣುತ್ತದೆ ಎಂದು ಬಣ್ಣ ಆರಿಸಿಕೊಟ್ಟವಳು ಭಾಬಿ. ಎಷ್ಟು ಜಾಣರು ನಾವು ಎಂದು ಮೂವರೂ ಹಿಗ್ಗಿದೆವು.

ಮೊದಲ ಬಸ್ಸಿಗೆ ಡಂಬಳದ ತನಕ ಹೋಗಿ, ಅಲ್ಲಿಂದ ಟಂಟಂ ಹಿಡಿದು ಗುಡ್ಡದ ಬುಡದ ಹಳ್ಳಿಗೆ ಇಳಿದಾಗ ಏಳೂವರೆ. ಊರು ದಾಟಿದರೆ ಅರಣ್ಯದವರ ಚೌಕಿ. ಅಲ್ಲಿನ ಕಾವಲುಗಾರ ವಹಿಯಲ್ಲಿ ನಮ್ಮ ಹೆಸರು ಬರೆಸಿಕೊಂಡು, ಚೀಲ ತೆಗೆಸಿ ನೋಡಿದ.

"ಬೀಡಿ, ಕಡ್ಡಿಪೆಟ್ಟಿಗಿ ಇದ್ರ ಇಲ್ಲೇ ಇಡ್ರಿ. ಪ್ಲಾಸ್ಟಿಕ್ ಇಲ್ಲೇ ಬಿಡ್ರಿ. ಔಷಧಿ ಗಿಡಾ ಅಂತ ಕೀಳಾಕ ಹೋಗಬ್ಯಾಡ್ರಿ. ಕಾಲದಾರಿ ಬಿಟ್ಟ ಇಳಿಬ್ಯಾಡ್ರಿ. ನಾಕರೊಳಗ ಬಂದ ಹೆಸರ ಮುಂದ ಸಹಿ ಮಾಡ್ರಿ, ಇಲ್ಲಂದ್ರ ನಾ ನಿಮ್ಮನ್ನ ಹುಡಕಾಕ ಬರಬೇಕು. ನನ್ನ ಮಣಕಾಲೂ ಅಷ್ಟ ಛಲೋ ಇಲ್ಲ."

ನನ್ನ ಗಂಡ ಕಡ್ಡಿಪೆಟ್ಟಿಗೆಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಅವನ ಮೇಜಿನ ಮೇಲಿಟ್ಟರು. ಬಿಸ್ಕತ್ತಿನ ಹೊದಿಕೆ ಬಿಚ್ಚಿ ಬಿಸ್ಕತ್ತುಗಳನ್ನು ರೊಟ್ಟಿಯ ಬಟ್ಟೆಗೆ ಸುರಿದುಕೊಂಡೆವು. ನೂಲಿನ ಸಿಂಬಿ ಚೀಲದ ಮೇಲೇ ಇತ್ತು. ಅವನು ಅದನ್ನು ನೋಡಿದ, ಏನೂ ಅನ್ನಲಿಲ್ಲ. ನೂಲು ತರಬೇಡಿ ಎಂದು ಯಾರಾದರೂ ಯಾಕೆ ಹೇಳುತ್ತಾರೆ?

ಮೊದಲ ಅರ್ಧ ತಾಸು ಏರು ಅನ್ನಿಸಲಿಲ್ಲ. ಎದೆಯುದ್ದದ ಹುಲ್ಲು, ಅದರ ತುದಿಯಲ್ಲಿ ಇಬ್ಬನಿ. ಸೀರೆ ಮೊಣಕಾಲಿನ ತನಕ ಒದ್ದೆಯಾಗಿ ಭಾರವಾಯಿತು. ಆಮೇಲೆ ಗುಡ್ಡ ತನ್ನ ಮಾತು ಶುರುಮಾಡಿತು. ಮಣ್ಣು ಹೋಗಿ ತುಕ್ಕಿನ ಬಣ್ಣದ ಕಲ್ಲು ಬಂತು. ಕಲ್ಲಿನ ಮೇಲೆ ಕಲ್ಲು ಸುಮ್ಮನೆ ಕೂತಂತಿತ್ತು, ಕಾಲಿಟ್ಟರೆ ಹೊರಳುತ್ತಿತ್ತು. ಮುಂದೆ ಗಂಡ, ನಡುವೆ ಭಾಬಿ, ಹಿಂದೆ ನಾನು. ಒಂದು ಸಲ ಅವರ ಕಾಲಡಿಯ ಕಲ್ಲು ಜಾರಿ ಭಾಬಿಯ ಮಗ್ಗುಲಿನಿಂದ ಹಾದು ನನ್ನ ಪಾದದ ಹತ್ತಿರ ಬಂದು ನಿಂತಿತು. ಅದರ ನಂತರ ನಾವು ಐದಾರು ಮಾರು ಅಂತರ ಬಿಟ್ಟು ಏರಿದೆವು, ಕಲ್ಲು ಹೊರಳಿದರೆ ಮೇಲಿನವರು "ಕಲ್ಲೂ!" ಎಂದು ಕೂಗಬೇಕು, ಕೆಳಗಿನವರು ಪಕ್ಕಕ್ಕೆ ಸರಿಯಬೇಕು. ಹೀಗೆಂದು ನಮಗೆ ಯಾರೂ ಕಲಿಸಿರಲಿಲ್ಲ. ಆ ಕಲ್ಲೇ ಕಲಿಸಿತು.

ಕವಲು ಬಂದಾಗಲೆಲ್ಲ ನಾನು ನಿಂತು ಒಂದು ಎಳೆ ಕಟ್ಟುತ್ತಿದ್ದೆ. ನಮ್ಮ ಗಂಟು ಬೇಗ ಬಿಚ್ಚುವಂಥದ್ದಲ್ಲ. ಮಗ್ಗದ ಮೇಲೆ ಹರಿದ ಎಳೆ ಕೂಡಿಸಿದರೆ ಸೀರೆ ಹರಿದರೂ ಆ ಗಂಟು ಉಳಿಯಬೇಕು. ಕೆಲವು ಕಡೆ ಕವಲಿಲ್ಲದಿದ್ದರೂ ಕಟ್ಟಿದೆ. ಕೈಯಲ್ಲಿ ನೂಲಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಮುಕ್ಕಾಲು ಏರಿದ ಮೇಲೆ ಭಾಬಿಯ ಮುಖ ಬೆವೆತು ಬಿಳುಪಾಯಿತು. ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದಳೆಂದರೆ ನಾನು ಹೆದರುತ್ತೇನೆ. ಕೂರಿಸಿ ಬೆಲ್ಲ ಕೊಟ್ಟೆ, ನೀರು ಕುಡಿಸಿದೆ. "ಇಲ್ಲಿಂದ ಹೊಳ್ಳಿ ಹೋಗೂಣ" ಅಂದೆ. ಅವಳು ಕೈಯಾಡಿಸಿದಳು. ಕಾಲು ತಾಸು ಯಾರೂ ಕದಲಲಿಲ್ಲ. ಆಮೇಲೆ ಅವಳು, "ಭಾಯಿಸಾಬ್‌ರ ಮಾರಿ ನೋಡ್ರಿ, ನನಗಿಂತ ಅವರಿಗೇ ಬೆಲ್ಲ ಬೇಕಾಗೇತಿ" ಎಂದಾಗ ನನಗೆ ಜೀವ ಬಂತು. ಖರೇನೇ ಅವರು ತೊಡೆ ಹಿಡಿದುಕೊಂಡು ಒಂದು ಬಂಡೆಗೆ ಒರಗಿದ್ದರು.

ತುದಿಗೆ ಮುಂಚಿನ ಏರು ಎಲ್ಲಕ್ಕಿಂತ ಕಡಿದು. ಎರಡು ಕೈಯೂ ನೆಲಕ್ಕೆ ಹಚ್ಚಿ ಮಕ್ಕಳಂತೆ ಅಂಬೆಗಾಲಿನಲ್ಲಿ ಹತ್ತಿದೆವು. ಬಲಕ್ಕೆ ಕೊಳ್ಳ. ಅಲ್ಲಿ ಕೂಡ ಉಸಿರು ಬಿಟ್ಟುಕೊಳ್ಳಲು ನಿಂತಾಗ ಅಂಚಿನ ಒಂದು ಪೊದೆಗೆ ಒಂದು ಎಳೆ ಕಟ್ಟಿದೆ.

ಮೇಲೆ ಹೋದ ಕೂಡಲೇ ಗಾಳಿ ಸೆರಗು ಎಳೆದುಕೊಂಡಿತು. ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆಗಳು, ಕೆಳಗೆ ಡಂಬಳದ ಕೆರೆ, ಉಳ್ಳಾಗಡ್ಡಿಯ ಹೊಲ, ಸೂರ್ಯಕಾಂತಿಯ ಹಳದಿ ಪಟ್ಟಿ, ಮುಂಡರಗಿಯ ಆಚೆ ಹೊಳೆಯ ನೀರು ಬಿಸಿಲಿಗೆ ತಗಡಿನ ಹಾಗೆ ಮಿನುಗುತ್ತಿತ್ತು. ಗಂಡ ಕೈ ಮುಗಿದರು. ಭಾಬಿ ಬಾಯಿ ತೆರೆದು ಗಾಳಿಯನ್ನು ನುಂಗಿದಳು. ಐವತ್ತು ದಾಟಿದ ಮೇಲೆ ಈ ಮೊಣಕಾಲು, ಈ ಎದೆ, ಈ ಇಬ್ಬರ ಜೊತೆ ನನ್ನನ್ನು ಇಲ್ಲಿಗೆ ತಂದವಲ್ಲ ಎಂದು ನನಗೆ ಕಣ್ಣು ತುಂಬಿತು. ರೊಟ್ಟಿ ತಿಂದೆವು, ಬಿದ್ದ ಚೂರನ್ನೂ ಆರಿಸಿ ಬಟ್ಟೆಗೆ ಹಾಕಿಕೊಂಡೆವು. ಇಷ್ಟು ಚೊಕ್ಕವಾಗಿ ಬಂದು ಹೋಗುವವರು ಯಾರಿದ್ದಾರೆ ಎಂದು ಒಳಗೊಳಗೇ ಜಂಬ ಕೂಡ ಬಂದಿತ್ತು.

ಇಳಿಯುವಾಗ ಗಂಡ ಕೇಳಿದರು: "ನೂಲು ಬಿಚ್ಚಿಕೊಳ್ಳೂದೇನು?"

"ಇರ್ಲಿ ಬಿಡ್ರಿ. ಹಿಂದ ಬರಾವ್ರಿಗೆ ಗುರತ ಆಗತೈತಿ" ಅಂದೆ.

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ನಾನು ಹೀಗೆಯೇ ಅಂದೆ.

ಅಡ್ಡಹೆಜ್ಜೆ ಇಡುತ್ತ, ಕೈಗೆ ಸಿಕ್ಕ ಬಂಡೆ ಹಿಡಿಯುತ್ತ ಅರ್ಧಕ್ಕಿಂತ ಹೆಚ್ಚು ಇಳಿದಿದ್ದೆವು. ದಾರಿ ಒಂದು ಸಣ್ಣ ಬಯಲಿಗೆ ಬರುವ ಕಡೆ ಆಡು ಮೇಯಿಸುವ ಹೆಂಗಸೊಬ್ಬಳು ಮೊಣಕಾಲೂರಿ ಕೂತಿದ್ದಳು. ಅರವತ್ತರ ವಯಸ್ಸು, ಸೀರೆಯ ಮೇಲೆ ಗಂಡಸರ ಅಂಗಿ, ಪಕ್ಕದಲ್ಲಿ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಗಳ. ಹದಿನೈದಿಪ್ಪತ್ತು ಆಡು ಸುತ್ತಲೂ ಇದ್ದವು. ಒಂದು ಕಪ್ಪು ಆಡಿನ ಕುತ್ತಿಗೆಯನ್ನು ಅವಳು ತೊಡೆಯ ನಡುವೆ ಹಿಡಿದಿದ್ದಳು. ನಮ್ಮ ಸಪ್ಪಳ ಕೇಳಿ ತಲೆಯೆತ್ತದೆ ಕೇಳಿದಳು:

"ಯವ್ವಾ, ನಿಮ್ಮ ಹತ್ರ ಕತ್ತರಿ ಗಿತ್ತರಿ ಐತೇನು?"

ಮಗ್ಗದ ಮನೆಯ ಹೆಂಗಸಿನ ಸೊಂಟದಲ್ಲಿ ಸಣ್ಣ ಕತ್ತರಿ ಇಲ್ಲದೆ ಇರುತ್ತದೆಯೇ? ಹಿರಿದು ಕೊಡಲು ಬಗ್ಗಿದೆ. ಆಗ ಕಂಡಿತು. ಆಡಿನ ಬಾಯಿಯ ಅಂಚಿನಿಂದ ಮುರಿದ ಟೊಂಗೆಯೊಂದು ಹೊರಗೆ ಜೋತಾಡುತ್ತಿತ್ತು. ಟೊಂಗೆಗೆ ಬಿಗಿದ ಕೆಂಪು ನೂಲು ಹಲ್ಲಿನ ಮಗ್ಗುಲಿನಿಂದ ಗಂಟಲೊಳಗೆ ಹೋಗಿತ್ತು. ಎಲೆ ತಿನ್ನಲು ಹೋದ ಆಡು ಎಲೆಯ ಜೊತೆ ನೂಲಿನ ತುದಿಯನ್ನೂ ನುಂಗಿತ್ತು. ನನ್ನ ಗಂಟು ಮಾತ್ರ ಬಿಚ್ಚಿರಲಿಲ್ಲ.

ಗಂಡ ಮುಂದೆ ಹೋಗಿ ಟೊಂಗೆಗೆ ಕೈ ಹಾಕಿದರು.

"ಕೈ ತಗೀ! ಜಗ್ಗಬ್ಯಾಡ!" ಹೆಂಗಸು ಗದರಿದಳು. "ಒಳಗ ಎಲ್ಲಿ ಸುತಕೊಂಡೈತೋ ಏನೋ. ಜಗ್ಗಿದ್ರ ಗಂಟಲಾ ಕೊಯ್ತೈತಿ."

ಅವಳು ದವಡೆ ಅಗಲಿಸಿ ಹಿಡಿದಳು, ನಾನು ಕೈ ಒಳಗೆ ಹಾಕಿ ಎಟುಕಿದಷ್ಟು ಒಳಕ್ಕೆ ಕತ್ತರಿಸಿದೆ. ಟೊಂಗೆ ಹೊರಬಂತು. ಉಳಿದ ನೂಲು ಒಳಗೆ ಹೋಯಿತು. ಆಡು ಎರಡು ಸಲ ಕೆಮ್ಮಿ, ತಲೆ ತಗ್ಗಿಸಿ ನಿಂತಿತು. ಮುಂದೆ ಹುಲ್ಲಿತ್ತು, ಮೂಸಲಿಲ್ಲ.

"ಯಾವ ಪುಣ್ಯಾತಗಿತ್ತಿ ಕಟ್ಟ್ಯಾಳೋ" ಎಂದು ಹೆಂಗಸು ಟೊಂಗೆಯನ್ನು ತಿರುಗಿಸಿ ನೋಡುತ್ತಿದ್ದಳು.

ಹೇಳದೆ ಇಳಿದು ಹೋಗಬಹುದಿತ್ತು. ಆ ಯೋಚನೆ ಬಂದದ್ದೂ ಹೌದು. ಭಾಬಿ ನನ್ನ ಮುಖ ನೋಡಿದಳು.

"ಆಯೀ, ಅದು ನನ್ನ ನೂಲು. ದಾರಿ ಗುರತಿಗೆ ನಾನ ಕಟ್ಟೇನಿ" ಅಂದೆ.

ಅವಳು ಟೊಂಗೆಯನ್ನು ನೆಲಕ್ಕೆ ಇಟ್ಟಳು. ಆಮೇಲೆ, "ಗುಡ್ಡಕ್ಕ ಸೀರಿ ನೇಯಾಕ ಬಂದಿದ್ದೇನು?" ಎಂದಳು.

ಅವಳು ಆಡಿನ ಬೆನ್ನು ಸವರಿದಳು.

"ಇದು ಗಬ್ಬ ಐತಿ, ಯವ್ವಾ. ಇನ್ನೊಂದ ತಿಂಗಳಿಗೆ ಈಯತೈತಿ. ಹ್ವಾದ ವರ್ಷ ನನ್ನ ಸೊಸಿಗೆ ಹಾಲ ಬತ್ತಿದಾಗ ಮೊಮ್ಮಗಳು ಇದರ ಹಾಲ ಕುಡದ ಜೀವಾ ಹಿಡದಾಳು. ನಮ್ಮನಿ ಮಂದಿ ಇದಕ್ಕ ಊಟಾ ಮೊದಲ ಹಾಕತಾರು." ಬೈಗುಳಕ್ಕಿಂತ ಈ ಮಾತು ನನಗೆ ಹೆಚ್ಚು ಚುಚ್ಚಿತು. "ಇನ್ನ ನೋಡೂದ ಒಂದ. ಮೆಲಕ ಹಾಕಿತಂದ್ರ ಉಳೀತು. ಹೊಟ್ಟಿ ನಿಂತು ಮೆಲಕ ಹಾಕಲಿಲ್ಲ, ಆತು, ಮುಗೀತು."

ಅವಳು ಅಂಗಿಯ ಜೇಬಿನಿಂದ ಫೋನ್ ತೆಗೆದು ಸೊಸೆಗೆ ಮಾಡಿ ಪಶು ಡಾಕ್ಟರಿಗೆ ಹೇಳಿ ಕಳಿಸಲು ತಿಳಿಸಿದಳು. ನಂತರ ನನ್ನನ್ನು ಕೇಳಿದಳು:

"ಎಷ್ಟ ಕಟ್ಟೀದಿ?"

"ಮೂವತ್ತೆರಡು."

"ಅಂದಾಜೋ, ಖರೇನೋ?"

"ಖರೇನ. ನಲವತ್ತ ಕತ್ತರಿಸಿದ್ದೆ, ಎಂಟ ಉಳದಾವು."

"ಇದರ ಕೆಳಗ ಎಷ್ಟು?"

ಕಣ್ಣು ಮುಚ್ಚಿ ದಾರಿಯನ್ನು ನೆನಪಿನಲ್ಲಿ ಮತ್ತೆ ಇಳಿದೆ. "ಹನ್ನೆರಡು. ಇದೊಂದು. ಮ್ಯಾಲೆ ಹತ್ತೊಂಬತ್ತು." ಹೇಳುತ್ತಲೇ ಎದ್ದೆ. "ಈಗ ಹೋಗಿ ಬಿಚಗೊಂಡ ಬರತೇನಿ."

ಅವಳು ಗಳವನ್ನು ದಾರಿಗೆ ಅಡ್ಡ ಹಿಡಿದಳು. "ಎಲ್ಲಿಗೆ? ಮ್ಯಾಲೆ ಮಾಡ ನೋಡು."

ನೋಡಿದೆ. ನಾವು ರೊಟ್ಟಿ ತಿಂದ ತುದಿ ಕಾಣುತ್ತಿರಲಿಲ್ಲ. ಬಿಳಿ ಮೋಡ ಅದನ್ನು ನುಂಗಿ ಕೆಳಗೆ ಇಳಿಯುತ್ತಿತ್ತು.

"ಆದ್ರೂ ಆಯೀ, ಉಳದವು ಯಾವದರ ಬಾಯಿಗೆ ಬಿದ್ದರ..."

"ಇವತ್ತ ನನ್ನವು ಮ್ಯಾಲೆ ಹೋಗಂಗಿಲ್ಲ. ನೀ ಈಗ ಹ್ವಾದಿ ಅಂದ್ರ ಆಡಿನ ಹೊಟ್ಟಿ ನೋಡಲೋ, ನಿನ್ನ ಹೆಣಾ ಹುಡುಕಲೋ? ಒಂದ ತಪ್ಪಿಗೆ ಇನ್ನೊಂದ ತಪ್ಪ ಗಂಟ ಹಾಕಬ್ಯಾಡ. ನಾಳಿ ಬಾ. ನಾ ಕರಕೊಂಡ ಹೋಗತೇನಿ."

ಹೀಗೆಂದವಳು ಯಾರ ಆಡು ಸಾಯಲು ಬಿದ್ದಿತ್ತೋ ಅವಳು. ಅವತ್ತಿನಿಂದ ಇವತ್ತಿನವರೆಗೆ ನಾನು ಮನಸ್ಸಿನಲ್ಲಿ ಎಷ್ಟು ಸಲ ಅವಳಿಗೆ ಕೈ ಮುಗಿದಿದ್ದೇನೋ.

ಆಡನ್ನು ನಡೆಸಿಕೊಂಡು ನಮ್ಮ ಜೊತೆಗೇ ಇಳಿದಳು. ಹಿಮ್ಮಡಿ ಮೊದಲು ಊರಿ, ಕಲ್ಲನ್ನು ಒಮ್ಮೆ ಅಲ್ಲಾಡಿಸಿ ನೋಡಿ ಆಮೇಲೆ ಭಾರ ಬಿಡಬೇಕು ಎಂದು ಭಾಬಿಗೆ ಹೇಳಿಕೊಟ್ಟಳು. ಪ್ರತಿಯೊಂದು ನೂಲಿನ ಹತ್ತಿರವೂ ನಿಂತು, ನಾನು ಕತ್ತರಿಸಿ ಚೀಲಕ್ಕೆ ಹಾಕುವ ತನಕ ಕಾದಳು. ಹನ್ನೆರಡೂ ಸಿಕ್ಕವು. ಎರಡು ಕಡೆ ಎಲೆ ಹೋಗಿ ಬರೀ ಕಡ್ಡಿಯ ಮೇಲೆ ನೂಲು ಉಳಿದಿತ್ತು. ಅದನ್ನು ನೋಡಿ ಭಾಬಿ, "ಯಾ ಅಲ್ಲಾ" ಎಂದು ಬಾಯಿ ಮುಚ್ಚಿಕೊಂಡಳು.

ಚೌಕಿಯಲ್ಲಿ ಸಹಿ ಹಾಕಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ ಇತ್ತು. ಕಾವಲುಗಾರನಿಗೆ ನಾನೇ ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. "ಪ್ಲಾಸ್ಟಿಕ್ ಕೇಳತೇನಿ, ಬೀಡಿ ಕೇಳತೇನಿ. ಇನ್ನ ಬೆಟಗೇರಿ ಮಂದಿ ಬಂದ್ರ ನೂಲೂ ಕೇಳಬೇಕಾತು." ನಾಳೆ ಬೆಳಿಗ್ಗೆ ಮತ್ತೆ ಹೆಸರು ಬರೆಸುತ್ತೇನೆಂದಾಗ ಒಪ್ಪಿದ.

ಅಷ್ಟರಲ್ಲಿ ಪಶು ಡಾಕ್ಟರು ಹಳ್ಳಿಗೆ ಬಂದಿದ್ದರು. ಎಣ್ಣೆಯಂಥ ಔಷಧಿ ಕುಡಿಸಿ, ಈಗ ಹೊಟ್ಟೆ ಕೊಯ್ಯುವುದು ಗಬ್ಬದ ಆಡಿಗೆ ಒಳ್ಳೆಯದಲ್ಲ, ಒಂದು ದಿನ ಕಾಯೋಣ ಎಂದರು. ಅವರೂ ಅವಳ ಮಾತನ್ನೇ ಹೇಳಿದರು: ಮೆಲುಕು ಹಾಕುತ್ತದೆಯೋ ಇಲ್ಲವೋ ನೋಡುತ್ತಿರಿ.

ಮನೆಗೆ ಬಂದು ಒಲೆ ಹಚ್ಚಿದೆ, ಅನ್ನ ಮಾಡಿದೆ, ಬಡಿಸಿದೆ. ನನಗೆ ತುತ್ತು ಇಳಿಯಲಿಲ್ಲ. ಬೆಳಗಾಗುವಾಗ ನನ್ನ ಗಂಡನ ತೊಡೆ ಎರಡೂ ಕಟ್ಟಿಗೆಯಾಗಿದ್ದವು. ಮಗ್ಗದ ಕುಣಿಗೆ ಇಳಿಯಲು ಹೋಗಿ ಅರ್ಧಕ್ಕೆ ಸಿಕ್ಕಿಕೊಂಡು, "ಏ, ಬಾ ಇಲ್ಲೆ, ಎತ್ತ ನನ್ನ" ಎಂದು ಕೂಗಿದರು. ಅವರನ್ನು ಎತ್ತಿ ಮಂಚದ ಮೇಲೆ ಕೂರಿಸಿ, ಬಾಗಿಲಿಗೆ ಬಂದರೆ ಭಾಬಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

"ನಿನಗ ಇವತ್ತ ಆಗೂದಿಲ್ಲ ಭಾಬಿ. ನಿನ್ನೆ ಹೆಂಗಾಗಿತ್ತು."

"ಬಣ್ಣಾ ಆರಿಸಿದಾಕಿ ಯಾರು? ನಡೀರಿ, ಬಸ್ ಹೋಗತೈತಿ." ಅವಳ ಕೈಯಲ್ಲಿ ನಾನು ನಿನ್ನೆ ಒಯ್ದದ್ದಕ್ಕಿಂತ ಹೆಚ್ಚು ಬೆಲ್ಲ ಇತ್ತು.

ನಾವು ಹೋದಾಗ ಆಡು ಮೇಯಿಸುವ ಆಯಿ ತನ್ನ ಹಟ್ಟಿಯ ಮುಂದೆ ಕೂತಿದ್ದಳು. ಕಪ್ಪು ಆಡು ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಕೇಳುವ ಮೊದಲೇ ಅವಳು ತಲೆಯಾಡಿಸಿದಳು. ಇಲ್ಲ. ರಾತ್ರಿಯಿಡೀ ಒಂದು ಸಲವೂ ದವಡೆ ಆಡಿಸಿಲ್ಲ. ಸೊಸೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮನ್ನು ನೋಡಿದಳು. ಆಯಿ, "ಆಡಿನ ಮುಂದ ಕುಂತಿರು, ಕಣ್ಣ ತಗೀಬ್ಯಾಡ" ಎಂದು ಅವಳಿಗೆ ಹೇಳಿ ಗಳ ಹೆಗಲಿಗೇರಿಸಿದಳು.

ಎರಡನೆಯ ದಿನದ ಏರು ಬೇರೆ ಥರ ಇತ್ತು. ಮಾತು ಕಡಿಮೆ. ಆಯಿ ಮುಂದೆ, ಒಂದೇ ನಡಿಗೆ; ಜೋರೂ ಇಲ್ಲ, ನಿಲ್ಲುವುದೂ ಇಲ್ಲ. ಅವಳ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಾಗ ಕಲ್ಲು ಹೊರಳುವುದೇ ನಿಂತಿತು. ಭಾಬಿಗೂ ತಲೆ ತಿರುಗಲಿಲ್ಲ. "ನಿನ್ನೆ ನೀವು ಗುಡ್ಡದ ಮ್ಯಾಲೆ ಓಡೀರಿ" ಎಂದಳು ಆಯಿ. "ಗುಡ್ಡ ಎಲ್ಲಿ ಹೋಗತೈತಿ?"

ಒಂದು, ಎರಡು, ಐದು, ಒಂಬತ್ತು. ಕತ್ತರಿಸಿದ್ದನ್ನೆಲ್ಲ ಭಾಬಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಒಂದು ಎಳೆಗೆ ಸಣ್ಣ ಹಕ್ಕಿಯ ಪುಕ್ಕ ಅಂಟಿತ್ತು. ನಾನು ಅದನ್ನೂ ಬಿಡಿಸಿಕೊಂಡೆ. ಹದಿನೆಂಟಕ್ಕೆ ಬಂದು ನಿಂತೆವು.

ಹತ್ತೊಂಬತ್ತನೆಯದು ಕೊಳ್ಳದ ಅಂಚಿನದು. ನಿನ್ನೆ ಏರುವಾಗ ಕೈಗೆಟುಕಿದ್ದ ಪೊದೆ ಇವತ್ತು ಬಾಗಿ ಆಚೆ ಬಿದ್ದಿತ್ತು. ರಾತ್ರಿ ಬಿದ್ದ ಮಳೆಯ ನೀರು ಬುಡದ ಮಣ್ಣನ್ನು ತೊಳೆದಿತ್ತು. ಕೆಂಪು ಕಾಣುತ್ತಿತ್ತು, ನನ್ನ ಕೈಗೆ ಒಂದೂವರೆ ಮಾರು ದೂರ. ನಾನು ಹೊಟ್ಟೆಯ ಮೇಲೆ ಮಲಗಿ ಜರುಗತೊಡಗಿದೆ. ಆಯಿ ನನ್ನ ಸೀರೆ ಹಿಡಿದು ಹಿಂದಕ್ಕೆ ಎಳೆದಳು.

"ಇಷ್ಟ ದಿನಾ ಮಗ್ಗದಾಗ ಕುಂತ ತಾಳ್ಮಿ ಕಲತಿಲ್ಲೇನು?"

ಅವಳು ತಾನೂ ಅಂಚಿಗೆ ಹೋಗಲಿಲ್ಲ. ಬಂಡೆಯ ಹಿಂದೆ ಗಟ್ಟಿಯಾಗಿ ಕೂತು, ಕಾಲನ್ನು ಇನ್ನೊಂದು ಬಂಡೆಗೆ ಒತ್ತಿ, ಗಳವನ್ನು ಚಾಚಿದಳು. ಆಡಿಗೆ ಸೊಪ್ಪು ಕೊಯ್ಯುವ ಕುಡುಗೋಲು ಅದು. ಮೊದಲ ಸಲ ಗಾಳಿ ತಪ್ಪಿಸಿತು, ಎರಡನೆಯ ಸಲವೂ. ಮೂರನೆಯ ಸಲ ಟೊಂಗೆ ಕುಡುಗೋಲಿಗೆ ಸಿಕ್ಕಿತು. ಅವಳು ಅದನ್ನು ಕೊಯ್ಯದೆ ಬಗ್ಗಿಸಿ, ನಿಧಾನವಾಗಿ ನಮ್ಮ ಕಡೆ ತಂದಳು. ನಾನು ಗಂಟಿಗೆ ಕತ್ತರಿ ಹಾಕಿದೆ. ನೂಲು ನನ್ನ ಕೈಗೆ ಬಂತು, ಟೊಂಗೆ ತನ್ನ ಜಾಗಕ್ಕೆ ಹೋಯಿತು.

"ಆತು?" ಎಂದಳು ಆಯಿ.

"ಹತ್ತೊಂಬತ್ತು ಆತು."

ತುದಿ ಅಲ್ಲಿಂದ ಕಲ್ಲೆಸೆತದಷ್ಟು ದೂರ. ಮೂವರಲ್ಲಿ ಯಾರೂ ಅತ್ತ ನೋಡಲಿಲ್ಲ. ಹಿಂದಿರುಗಿ ಇಳಿದೆವು.

ಕೆಳಗೆ ಹಳ್ಳಿಯ ಮೊದಲ ಮನೆ ಕಾಣುವ ಕಡೆ ಆಯಿಯ ನಡಿಗೆ ಬೇರೆಯಾಯಿತು. ನಮಗೆ ಓಡಬೇಡಿ ಎಂದವಳು ತಾನು ಓಡುವಂತೆ ನಡೆದಳು. ಹಟ್ಟಿಯ ಮುಂದೆ ಸೊಸೆ ಕೂತ ಜಾಗದಲ್ಲೇ ಕೂತಿದ್ದಳು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳು ನಮ್ಮನ್ನು ಕಂಡು ಕೂಗಲಿಲ್ಲ, ಬೆರಳನ್ನು ತುಟಿಯ ಮೇಲಿಟ್ಟಳು.

ಕಪ್ಪು ಆಡು ಗೋಡೆಯಿಂದ ತಿರುಗಿ ಮಲಗಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಮುಗಿಯಿತು ಎಂದುಕೊಂಡೆ. ಆಯಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಆಗ ಆಡಿನ ಗಂಟಲಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಏರಿದ್ದು ಕಂಡಿತು. ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

"ಯಾವಾಗಿಂದ?" ಆಯಿ ಪಿಸುಗುಟ್ಟಿದಳು.

"ನೀವ ಹ್ವಾದ ಮ್ಯಾಲೆ ಒಂದ ತಾಸ ಬಿಟ್ಟ. ಮೊದಲ ಎರಡ ಸಲ ಮಾಡಿ ಬಿಟ್ಟಿತ್ತ, ಅತ್ತೀ. ಈಗ ಬಿಟ್ಟಿಲ್ಲ."

ಆಯಿ ತಕ್ಷಣ ನಂಬಲಿಲ್ಲ. ಆಡಿನ ಎಡ ಹೊಟ್ಟೆಗೆ ಕಿವಿಯಿಟ್ಟಳು, ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ನನ್ನ ಕೈ ಹಿಡಿದೆಳೆದು ಅದೇ ಜಾಗಕ್ಕೆ ಒತ್ತಿದಳು. "ಒತ್ತಿ ಹಿಡಿ. ಕೈ ತಗೀಬ್ಯಾಡ." ಒರಟು ಕೂದಲು, ಅದರ ಕೆಳಗೆ ಬೆಚ್ಚಗಿನ ಚರ್ಮ. ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಒಳಗಿನಿಂದ ಏನೋ ದೊಡ್ಡದು ಮೆಲ್ಲಗೆ ಹೊರಳಿ ನನ್ನ ಅಂಗೈಯನ್ನು ಎತ್ತಿ ಇಳಿಸಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಭಾಬಿ ನನ್ನ ಬೆನ್ನು ಸವರುತ್ತ ತಾನೂ ಅಳುತ್ತಿದ್ದಳು.

"ನಿನ್ನೆಯಿಂದ ಉಂಡೀಯೇನು?" ಆಯಿ ಕೇಳಿದಳು.

ಇಲ್ಲವೆಂದೆ.

"ನಾನೂ ಉಂಡಿಲ್ಲ." ಸೊಸೆಯ ಕಡೆ ತಿರುಗಿದಳು. "ಏ, ರೊಟ್ಟಿ ತಗೊಂಡ ಬಾ. ಮಜ್ಜಿಗಿ ಐತೇನ ನೋಡು. ಈ ನೇಯೂ ಮಂದಿಗೆ ಖಾರ ಕಡಿಮಿ ಹಾಕು, ಅಳಾಕ ಮತ್ತ ನೆವಾ ಆಗತೈತಿ."

ಹಟ್ಟಿಯ ನೆರಳಿನಲ್ಲಿ ನಾಲ್ವರೂ ಒಂದೇ ಬುಟ್ಟಿಯಿಂದ ರೊಟ್ಟಿ ಮುರಿದುಕೊಂಡು ತಿಂದೆವು. ಬಸ್ಸಿನ ಹೊತ್ತು ಮೀರುತ್ತಿದೆ ಎಂದು ಯಾರೂ ನೆನಪಿಸಲಿಲ್ಲ. ಮಾತಿನ ನಡುವೆ ಒಬ್ಬರಾದ ಮೇಲೆ ಒಬ್ಬರು ಕೈಯಲ್ಲಿನ ತುತ್ತು ಹಾಗೇ ಹಿಡಿದು ಆಡಿನ ಕಡೆ ನೋಡುತ್ತಿದ್ದೆವು, ದವಡೆ ಆಡುತ್ತಿರುವುದು ಕಂಡ ಮೇಲೆ ತುತ್ತು ಬಾಯಿಗಿಡುತ್ತಿದ್ದೆವು.